ಬೀಗ ಹಾಕಿಕೊಟ್ಟವನ ಪಾಡು

ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಗಾರ್ಮೆಂಟ್ಸ್ ಒಂದರ ಹೆಣ್ಣುಮಕ್ಕಳ ಸಂಘಕ್ಕೆ ವೆಬ್ ಚಾಟ್ ಮಾಡಿಕೊಡುತ್ತಿದ್ದೆ. ಸೂಪರ್‌ವೈಸರ್ ಕಾಟವನ್ನು ಅವರು ತಮ್ಮತಮ್ಮಲ್ಲೇ ಧೈರ್ಯವಾಗಿ ಬರೆದುಕೊಳ್ಳಬೇಕಿತ್ತು. ಅದಕ್ಕೇ ಜಾವಾಸ್ಕ್ರಿಪ್ಟಿನಲ್ಲಿ ಎನ್‌ಕ್ರಿಪ್ಷನ್ ಸೇರಿಸಿದೆ. ಮೆಸೇಜಿಗೆ ಕಳಿಸುವವರ ಫೋನಿನಲ್ಲೇ ಬೀಗ ಬೀಳುತ್ತದೆ, ತಲುಪಿದವರ ಫೋನಿನಲ್ಲಷ್ಟೇ ತೆರೆಯುತ್ತದೆ.

ತೋರಿಸಲು ಹೋದ ದಿನ ಸಂಘದ ಮುಂದಾಳು ಶಾಹೀನಾ ಆಪಾ ನಕ್ಕರು. "ನಮ್ಮ ಹತ್ರಾನೂ ಬೀಗ ಇತ್ತು ಸಾರ್. ಸೂಪರ್‌ವೈಸರ್ ಇರೋ ವಾಟ್ಸಾಪ್ ಗ್ರೂಪಲ್ಲೇ ನಮ್ಮ ಮನೆಮಾತು ದಖ್ನಿ ಉರ್ದೂನ ಕನ್ನಡ ಅಕ್ಷರದಲ್ಲಿ ಬರೀತಿದ್ವಿ, ಆಗಿದ್ದೋನಿಗೆ ಅರ್ಥಾನೇ ಆಗ್ತಿರ್ಲಿಲ್ಲ. ನಮ್ಮ ಜೊತೆ ಸೇರಿ ಪಕ್ಕದ ಮೆಷಿನಿನ ಗೌರಮ್ಮನೂ ದಖ್ನಿ ಕಲ್ತಿದ್ಲು. ಆಮೇಲೆ ಹೊಸಕೋಟೆ ಪೇಟೆಯವನೇ ಸೂಪರ್‌ವೈಸರಾಗಿ ಬಂದ. ಅವನಿಗೆ ಕನ್ನಡ, ದಖ್ನಿ ಎರಡೂ ಬರುತ್ತೆ!"

ನಗು ನಿಲ್ಲಿಸಿ ಕೇಳಿದರು: "ಈ ಬೀಗ ಮಾಡಿದೋರು ನೀವೇ ಅಲ್ವಾ? ನೀವು ಓದ್ಬಹುದಲ್ಲ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇವತ್ತಿನ ಬೀಗಕ್ಕೆ ನನ್ನ ಹತ್ರ ಕೀ ಇಲ್ಲ. ನಾಳೆ ನಾನೇ ಬೀಗ ಬದಲಾಯಿಸಿದ್ರೆ ಓದ್ಬಹುದು," ಅಂದೆ. ಕೆಲಸ ಕೈತಪ್ಪಿತು ಅಂದುಕೊಂಡೆ.

"ಆ ಸೂಪರ್‌ವೈಸರ್ ತನಗೆ ದಖ್ನಿ ಬರುತ್ತೆ ಅಂತ ಆರು ತಿಂಗಳು ಬಾಯಿಬಿಡ್ಲಿಲ್ಲ. ನೀವು ಮೊದಲ್ನೇ ದಿನಾನೇ ಹೇಳಿಬಿಟ್ರಿ," ಎಂದು ಆಪಾ ಫೋನ್ ತೆಗೆದು ಸುತ್ತ ಕೂತಿದ್ದ ಹೆಂಗಸರಿಗೆ ಹೇಳಿದರು: "ಬರೀರೇ ಎಲ್ಲಾರೂ!"

ನನ್ನ ಲ್ಯಾಪ್‌ಟಾಪಿನಲ್ಲಿ ಬೀಗ ಬಿದ್ದ ಮೆಸೇಜುಗಳು ತಲೆಬುಡವಿಲ್ಲದ ಅಕ್ಷರಗಳಾಗಿ ಸಾಲುಸಾಲಾಗಿ ಬಂದು ಬಿದ್ದವು. ಅವರೆಲ್ಲ ಒಮ್ಮೆ ಫೋನು, ಒಮ್ಮೆ ನನ್ನ ಮುಖ ನೋಡುತ್ತಾ ಬಿದ್ದೂ ಬಿದ್ದೂ ನಗತೊಡಗಿದರು.

ನನ್ನ ಬಗ್ಗೆ ಏನು ಬರೆದರೋ, ಇವತ್ತಿಗೂ ಗೊತ್ತಿಲ್ಲ. ಕೋಡನ್ನು ಅಷ್ಟು ಚೆನ್ನಾಗಿ ಬರೆಯಬಾರದಿತ್ತು.