ಬಾವಿಕಟ್ಟೆಯ ಬಿಳಿ ಟೈಲ್ಸ್

ನನ್ನ ಸೋದರಮಾವನ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಬಾಗಿಲ ಚಿಲಕ ಮುಟ್ಟಿದರೂ ಕೈ ತೊಳೆಯುವ ಆಸಾಮಿ. ದಾಸನಕೊಪ್ಪದ ರಸ್ತೆ ಬದಿಯ ಅವನ ಖಾನಾವಳಿಗೆ ಬಂದವರೆಲ್ಲ ಎಂಥ ಶುಚಿ ಎಂದು ಹೊಗಳುವುದನ್ನು, ಹೈಸ್ಕೂಲಿಗೆಂದು ಅವನ ಮನೆಯಲ್ಲಿದ್ದ ನಾನು ದಿನಾ ಕೇಳುತ್ತಿದ್ದೆ. ಇವತ್ತು ನೆನೆದರೂ ಮೈ ಉರಿಯುತ್ತದೆ. ಇಡೀ ಕೇರಿಯ ನೀರು ಕೆಡಿಸಿದ ಶುಚಿ ಅದು.

ತೊಂಬತ್ತರ ದಶಕದ ಆರಂಭದವರೆಗೆ ಅಲ್ಲಿ ಎಲ್ಲ ಅತ್ತೆಯ ವ್ಯವಸ್ಥೆ. ಊಟ ಮುತ್ತುಗದ ಎಲೆಯ ಮೇಲೆ, ಉಂಡ ಎಲೆ ತಿಪ್ಪೆಗೆ. ಕೈ ತೊಳೆಯುವ ಕಲ್ಲು ಹಿತ್ತಿಲ ಇಳಿಜಾರಿನ ಕೆಳತುದಿಯಲ್ಲಿ, ತಿಪ್ಪೆಯ ಪಕ್ಕ, ಬಾಳೆಯ ಬುಡದಲ್ಲಿ. ಬಾವಿ ಇದ್ದದ್ದು ಮೇಲೆ. ಅಕ್ಕಪಕ್ಕದವರೂ ಅದರ ನೀರನ್ನೇ ಕುಡಿಯುತ್ತಿದ್ದರು. ಶಿರಸಿಯ ಯಾವುದೋ ಹೋಟೆಲಿನಲ್ಲಿ ಬಿಳಿ ಟೈಲ್ಸ್ ನೋಡಿ ಬಂದ ಮಾವನಿಗೆ ಇದೆಲ್ಲ ಹೇಸಿಗೆ ಅನ್ನಿಸಿತು. ಗಿರಾಕಿ ತಿಪ್ಪೆಯ ಹತ್ತಿರ ಹೋಗಿ ಕೈ ತೊಳೆಯುವುದೇ? ಬಾವಿಕಟ್ಟೆಗೇ ಟೈಲ್ಸ್ ಹಾಕಿಸಿ ಕೈ ತೊಳೆಯಲು ತೊಟ್ಟಿ ಕಟ್ಟಿಸಿದ. ಎಂಜಲು ನೀರು ಯಾರ ಕಣ್ಣಿಗೂ ಬೀಳಬಾರದೆಂದು ಅಲ್ಲೇ ಗುಂಡಿ ತೋಡಿಸಿ ಮೇಲೆ ಚಪ್ಪಡಿ ಎಳೆಸಿದ. ಕಾಣದಿದ್ದರೆ ಆಯಿತು, ಅವನ ಪಾಲಿಗೆ ಹೊಲಸೇ ಇಲ್ಲ. ಅದು ಬಾವಿಗೆ ಇಳಿಯುತ್ತದೆ ಎಂದು ಅತ್ತೆ ಮೊದಲೇ ಹೇಳಿದ್ದಳು.

"ನೀ ರೊಟ್ಟಿ ಬಡಿ. ನೀರಿನ ವಿಚಾರ ನನಗ ಬಿಡು," ಅಂದ.

ಮುಂದಿನ ಮಳೆಗಾಲಕ್ಕೆ ಕೊಡದ ನೀರಿನ ಮೇಲೆ ಜಿಡ್ಡು ತೇಲಿತು. ವಾಸನೆ ಬೇರೆ. ಪಕ್ಕದ ಮನೆಯ ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಆ ಮನೆಯವರು ದೂರದ ಕೆರೆದಂಡೆಯ ಬಾವಿಗೆ ಹೊರಟರು. ಮಾವ ಏನು ಮಾಡಿದ ಗೊತ್ತೇ? ಗುಂಡಿ ಮುಚ್ಚಿಸಲಿಲ್ಲ. ಗಿರಾಕಿಗಳಿಗೆ ಕುಡಿಯಲು ಇಟ್ಟ ಮಣ್ಣಿನ ಹರವಿಗೆ ಲಾವಂಚದ ಬೇರು ಹಾಕಿದ. ಆ ಪೆದ್ದರೂ ಘಮಘಮ ಅನ್ನುತ್ತ ಚಪ್ಪರಿಸಿ ಕುಡಿದರು.

ಅತ್ತೆ ಒಲೆ ಆರಿಸಿ ಕೂತಳು.

"ಈ ನೀರಿಗೆ ನಾ ಅಕ್ಕಿ ಹಾಕಂಗಿಲ್ಲ," ಅಂದಳು.

ಅಂದು ಗಿರಾಕಿಗಳು ಹಸಿದೇ ಎದ್ದು ಹೋದರು. ಕೊನೆಗೆ ಮಾವ ಹೂಂ ಅಂದದ್ದು ಇಷ್ಟಕ್ಕೆ: ಅಡಿಗೆಗೆ ಬೇಕಾದರೆ ಅವಳು ಕೆರೆದಂಡೆಯಿಂದ ಹೊತ್ತು ತರಲಿ, ಕುಡಿಯಲು ಕೊಡುವುದು ಮಾತ್ರ ತನ್ನ ಬಾವಿಯದೇ. ಅತ್ತೆ ಹೊತ್ತಳು, ಕುತ್ತಿಗೆ ನೋಯುವಷ್ಟು ನಾನೂ ಹೊತ್ತೆ. ಒಂದು ಮಧ್ಯಾಹ್ನ ಈ ಮಹಾನುಭಾವ ಮೆಲ್ಲಗೆ ಅಡಿಗೆಮನೆಗೆ ಬಂದು, ಅತ್ತೆಯ ಕೊಡದಿಂದ ತಂಬಿಗೆ ತುಂಬಿಕೊಂಡು ಗಟಗಟ ಕುಡಿಯುವುದನ್ನು ಕಂಡೆ. ನನ್ನನ್ನು ನೋಡಿ ಬಾಯಿ ಒರೆಸಿಕೊಂಡು, ಹೊರಗೆ ಹೋಗಿ ಗಿರಾಕಿಗಳಿಗೆ ಲಾವಂಚದ ನೀರು ಹಂಚಿದ. ಥೂ, ಅವನೂ ಒಬ್ಬ ಮನುಷ್ಯನೇ?

ಗುಂಡಿ ಕಿತ್ತು ಹಾಕಿಸು ಎಂದು ಅತ್ತೆ ವರ್ಷಗಟ್ಟಲೆ ಹೇಳಿದಳು. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಹೊರಡಲೇ ಇಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾಸಿಗೆ ಹಿಡಿದ. ಕೊನೆಯ ದಿನ ಸುತ್ತ ನೆಂಟರು, ನೆರೆಯವರು. ವಾಂತಿಭೇದಿಯಾಗಿದ್ದ ಆ ಮಕ್ಕಳ ತಾಯಿಯೂ ಬಂದು ಕೂತಿದ್ದಳು. ಅತ್ತೆ ಬಾಯಿಗೆ ನೀರು ಬಿಡಲು ಚಮಚ ಹಿಡಿದಳು. ಅವನು ತುಟಿ ಬಿಗಿದುಕೊಂಡ.

"ಯಾವ ಬಾವೀದು?" ಅಂದ.

ಕೆರೆದಂಡೆಯದು ಎಂದು ಅತ್ತೆ ಹೇಳಿದ ಮೇಲೆಯೇ ಬಾಯಿ ತೆರೆದ. ಆ ಮಕ್ಕಳ ತಾಯಿ ಸೆರಗು ಕೊಡವಿಕೊಂಡು ಎದ್ದು ಮನೆಗೆ ಹೋದಳು.