ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ಅತ್ತೆ, ಡಾಕ್ಟರು ಹಾಗೆ ಹೇಳಿರಲೇ ಇಲ್ಲ. ನಿಮ್ಮ ಉಗುರಿನ ಬಣ್ಣ ತೆಗೆಯಬೇಕೆಂದದ್ದು ನಾನು — ಅವರ ಹೆಸರು ಹಾಕಿ ನಾನೇ ಹೇಳಿದ ಸುಳ್ಳು. ಮೂರು ವರ್ಷ ಇದನ್ನು ನುಂಗಿಕೊಂಡೇ ದಿನಾ ನಿಮ್ಮ ಎದುರಿಗೆ ಕೂತು ಉಂಡಿದ್ದೇನೆ.

ಘೋಣಸಗಿಯ ಹೊಲದ ಕೆಲಸ ಬಿಟ್ಟು ಇಬ್ರಾಹಿಂಪುರದ ನಮ್ಮ ಮನೆಗೆ ನೀವು ಬಂದ ಮೇಲೆ ನಿಮಗೆ ಅಂಟಿಕೊಂಡವಳು ನನ್ನ ಮಗಳೊಬ್ಬಳೇ. ಅವಳಿಗೋ ಉಗುರಿನ ಹುಚ್ಚು. ಬೆರಳುಗಳ ನಡುವೆ ಸಿಕ್ಕಿಸುವ ಸ್ಪಂಜು, ಉಗುರಂಚು ಉಜ್ಜುವ ಪುಟ್ಟ ಅರ, ಚರ್ಮಕ್ಕೆ ಹರಿದ ಬಣ್ಣ ಒರೆಸುವ ಪೆನ್ನು — ಎಲ್ಲ ಒಂದು ಬಿಸ್ಕಿಟ್ ಡಬ್ಬಿಯಲ್ಲಿ. ಒಂದು ಮಧ್ಯಾಹ್ನ ನಿಮ್ಮ ಕೈ ಹಿಡಿದು ಕೂತಳು. ಗಂಡ ಸತ್ತವಳಿಗೆ ಇದು ಬೇಡವೆಂದು ನೀವು ಕೆಂಪು ಸೀಸೆಯನ್ನು ಅತ್ತ ಸರಿಸಿ, ತಿಳಿ ಗುಲಾಬಿಯದನ್ನು ತೋರಿಸಿದಿರಿ.

"ಇದು ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ಇದನ್ನ ಹಚ್ಚು ಬೇ. ಯಾರರ ಕೇಳಿದ್ರ ಉಳ್ಳಾಗಡ್ಡಿ ಸುಲದೇನಿ ಅಂತೀನಿ."

ಬದುಕಿಡೀ ಕಸ ಕಿತ್ತು ಸೀಳಿಹೋಗಿದ್ದ ಹೆಬ್ಬೆರಳಿನ ಉಗುರಿಗೆ ಅವಳು ಎರಡೆರಡು ಸಲ ಕುಂಚ ಎಳೆದಳು. ಬಣ್ಣ ಆರುವವರೆಗೆ ನೀವು ಚಹಾದ ಬಟ್ಟಲನ್ನೂ ಮುಟ್ಟದೆ ಕೈ ಚಾಚಿಕೊಂಡೇ ಕೂತಿದ್ದಿರಿ. ಎಷ್ಟು ಚೆಂದ ಕಾಣುತ್ತಿದ್ದಿರಿ — ಅದನ್ನು ಆಗಲೇ ಹೇಳಬಹುದಿತ್ತು.

ಹೇಳಲಿಲ್ಲ. ಮರುವಾರ ನಿಮ್ಮ ಕಣ್ಣಿನ ಪೊರೆ ತೆಗೆಸುವುದಿತ್ತು. ನಿಮ್ಮನ್ನು ನೋಡಲು ಊರಿನಿಂದ ನಿಮ್ಮ ನೆಗೆಣ್ಣಿಯರು ಬರುವವರಿದ್ದರು. ಸೊಸೆ ಮುದುಕಿಗೆ ಪ್ಯಾಟಿ ಶೋಕಿ ಕಲಿಸಿದಳು ಎಂದು ಅವರು ಆಡಿಕೊಂಡಾರೆಂಬ ಭಯ — ನಿಮ್ಮ ಮಾನದ ಚಿಂತೆಯಲ್ಲ ಅದು, ನನ್ನ ಹೆಸರಿನದು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, ಮಗಳು ಶಾಲೆಗೆ ಹೋದದ್ದು ನೋಡಿಕೊಂಡು, ಹೇಳಿದೆ.

"ಅತ್ತಿ, ಡಾಕ್ಟರು ಉಗುರಬಣ್ಣ ತಗದ ಬರ್ರಿ ಅಂದಾರ್ರಿ."

ಅವಳ ಡಬ್ಬಿಯಲ್ಲಿ ಒಳಗೆ ಸ್ಪಂಜು ತುಂಬಿದ ರಿಮೂವರ್ ಇತ್ತು. ಬೆರಳು ಇಳಿಸಿ ತಿರುಗಿಸಿದರೆ ಬಣ್ಣ ಮಾಯ. ನೀವು ಒಂದೊಂದಾಗಿ ಹತ್ತೂ ಬೆರಳು ಕೊಟ್ಟಿರಿ. ಬಿರುಕುಗಳಲ್ಲಿ ಉರಿದಿರಲೇಬೇಕು, ಆದರೂ ಕೈ ಹಿಂದೆಳೆಯಲಿಲ್ಲ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ನೀವು ಡಾಕ್ಟರನ್ನು ಮೊದಲು ಕೇಳಿದ್ದು, ಇನ್ನು ಬಣ್ಣ ಹಚ್ಚಿಕೊಳ್ಳಬಹುದೇ ಎಂದು. ಅವರು ತಬ್ಬಿಬ್ಬಾದರು. ಬಣ್ಣದ ಮಾತನ್ನೇ ತಾವು ಎತ್ತಿಲ್ಲ, ತೆಗೆಯಲು ಹೇಳಿದವರು ಯಾರು ಎಂದರು. ನೀವು ಆ ಹೊಸ ಕಣ್ಣಿನಿಂದ ನನ್ನನ್ನು ನೋಡಿದಿರಿ. ಆಮೇಲೆ ಅವರತ್ತ ತಿರುಗಿದಿರಿ.

"ಯಾರೂ ಹೇಳಿಲ್ರಿ. ನಾನ ತಪ್ಪ ತಿಳಕೊಂಡೆ."

ನನ್ನನ್ನು ಉಳಿಸಿದಿರಿ. ಮನೆಗೆ ಬಂದ ಮೇಲೂ ಒಂದು ಮಾತು ಎತ್ತಲಿಲ್ಲ. ಬೈದಿದ್ದರೆ — ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ, ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಅಂದಿನಿಂದ ಅವಳು ಡಬ್ಬಿ ತಂದಾಗಲೆಲ್ಲ ನೀವು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ನಿಮ್ಮವ್ವನನ್ನು ಕೇಳು ಅನ್ನುತ್ತೀರಿ. ಅವಳು ಬಂದು ಕೇಳುತ್ತಾಳೆ. ನಾನು ಕೇಳಿಸದವಳಂತೆ ಪಾತ್ರೆ ತಿಕ್ಕುತ್ತೇನೆ. ಈ ಮನೆಯ ಹಿರಿಯಳಿಗೆ ತನ್ನದೇ ಹತ್ತು ಉಗುರಿಗೆ ನನ್ನ ಅಪ್ಪಣೆ ಬೇಕಾಗುವ ಹಾಗೆ ಮಾಡಿಬಿಟ್ಟೆ, ಅತ್ತೆ.

ನಿಮಗೆ ಓದು ಬರುವುದಿಲ್ಲ. ಈ ಕಾಗದವನ್ನು ಮಗಳ ಕೈಗೆ ಕೊಟ್ಟು ಓದಿಸಿದರೆ ಅದೂ ತಪ್ಪಿಸಿಕೊಂಡ ಹಾಗೆಯೇ. ಇವತ್ತು ಸಂಜೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓದುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಇದರಲ್ಲಿ ಬರೆದಿಲ್ಲ. ಅದನ್ನು ನಿಮ್ಮ ಮುಖ ನೋಡಿಯೇ ಹೇಳಬೇಕು.