ಅತ್ತೆಯ ಜೊತೆ ನೋಡಿದ ಉಂಗುರದ ಗ್ರಹ

ಆ ಸಿನಿಮಾಕ್ಕೆ ನಾನು ಹೋಗಬೇಕಾಗಿದ್ದದ್ದು ಹೆಂಡತಿಯ ಜೊತೆ. ದೊಡ್ಡ ಪರದೆಯಲ್ಲಿ ನೋಡದಿದ್ದರೆ ನೋಡಿದ ಹಾಗೇ ಅಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಭಾನುವಾರ ಬೆಳಗಿನ ಶೋಗೆ ಎರಡು ಟಿಕೆಟ್ ಬುಕ್ ಮಾಡಿದ್ದೆ. ಹೊರಡಲು ಒಂದು ಗಂಟೆಯಿದೆ ಎನ್ನುವಾಗ ಅವಳಿಗೆ ಆಸ್ಪತ್ರೆಯಿಂದ ಫೋನ್ ಬಂತು. ಅವಳು ಅಲ್ಲಿ ನರ್ಸ್. ಆ ದಿನ ಬರಬೇಕಾಗಿದ್ದವರು ಬಂದಿರಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದಳು:

"ಟಿಕೆಟ್ ಯಾಕ್ರೀ ವೇಸ್ಟ್ ಮಾಡ್ತೀರಾ? ಅಮ್ಮನ್ನ ಕರ್ಕೊಂಡು ಹೋಗಿ."

ಅಮ್ಮ ಎಂದರೆ ನನ್ನ ಅತ್ತೆ. ತ್ಯಾಗರಾಜನಗರದಲ್ಲಿ ಮಗನ ಜೊತೆ ಇರುವವರು, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆರೈಕೆಗೆಂದು ಜೆ.ಪಿ. ನಗರದ ನಮ್ಮ ಮನೆಗೆ ಬಂದಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ನಮ್ಮಿಬ್ಬರ ಮಾತು "ಕಾಫಿ ಆಯ್ತಾ?", "ಆಯ್ತು ಅತ್ತೆ" ಎಂಬುದನ್ನು ದಾಟಿರಲಿಲ್ಲ. ಮನಸ್ತಾಪವೇನೂ ಇಲ್ಲ. ಅಳಿಯ ಎಂಬ ಮರ್ಯಾದೆ, ಅಷ್ಟೇ.

"ನಿಮ್ಗ್ಯಾಕೆ ತೊಂದ್ರೆ," ಎಂದರು ಅತ್ತೆ. ಆಮೇಲೆ, "ಏನ್ ಸಿನಿಮಾ ಅದು?"

"ಇಂಗ್ಲಿಷ್ದು. ಬೇರೆ ಗ್ರಹಕ್ಕೆ ಹೋಗೋ ಕಥೆ."

ಅವರು ಆಗಲೇ ಎದ್ದು ನಿಂತಿದ್ದರು. "ಐದು ನಿಮಿಷ. ಸೀರೆ ಬದಲಾಯಿಸ್ಕೊಂಡು ಬರ್ತೀನಿ."

ಮಾಲ್‌ನ ಎಸ್ಕಲೇಟರ್ ಎದುರು ಅತ್ತೆ ನಿಂತೇಬಿಟ್ಟರು. ಲಿಫ್ಟ್ ಎಲ್ಲಿದೆ ಎಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, "ಹೂಂ, ಈಗ!" ಎಂದು ಕಾಲಿಟ್ಟರು. ಮೇಲೆ ತಲುಪಿ ಕೈಬಿಟ್ಟಾಗ ಇಬ್ಬರಿಗೂ ಕೊಂಚ ಮುಜುಗರವಾಯಿತು.

ಕಥೆ ಸರಳವಾಗಿತ್ತು. ವಿಜ್ಞಾನಿಯೊಬ್ಬಳು ನೀರು ಹುಡುಕುತ್ತಾ ಒಂಟಿಯಾಗಿ ದೂರದ ಗ್ರಹಕ್ಕೆ ಹೋಗುತ್ತಾಳೆ. ಇಡೀ ಪಯಣದಲ್ಲಿ ಅವಳ ಜೊತೆ ಮಾತಾಡುವುದು ಹೆಣ್ಣು ದನಿಯ ನೌಕೆಯ ಕಂಪ್ಯೂಟರ್ ಒಂದೇ. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬಾರದೆಂದು ನಾನು ಪಿಸುಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷವಾಗುವುದರೊಳಗೆ ಅವರು ಕೈ ಅಡ್ಡ ಹಿಡಿದರು.

"ಹೇಳ್ಬೇಡಿ. ಕಾಣಿಸ್ತಿದೆಯಲ್ಲ."

ಆ ನೌಕೆ ಬಿಸಿಲಿಗೆ ತನ್ನ ಹಾಯಿ ಬಿಚ್ಚಿತು. ಬೆಳ್ಳಿಯ ಬಣ್ಣದ ತೆಳು ಹಾಯಿ, ಮಡಿಕೆ ಮಡಿಕೆಯಾಗಿ ಪರದೆಯ ಉದ್ದಕ್ಕೂ ಹರಡಿಕೊಂಡಿತು. "ಒಂಬತ್ತು ಗಜದ ಸೀರೆ ಒಣಗಾಕ್ದಂಗಿದೆ," ಎಂದರು ಅತ್ತೆ. ಮುಂದಿನ ಸಾಲಿನವರು ತಿರುಗಿ ನೋಡಿದರು, ನಕ್ಕರು. ಮೋಡ ಸರಿದು ಕೆಳಗೆ ಆ ಗ್ರಹದ ಕಡಲು ಕಂಡಿತು. ಅಂಥ ನೀಲಿಯನ್ನು ನಾನೂ ಕಂಡಿರಲಿಲ್ಲ. ಕನ್ನಡಕದಡಿ ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

"ಕಣ್ಣು ನೋಯ್ತಿದ್ಯಾ? ಹೊರಗಡೆ ಹೋಗೋಣ್ವಾ?" ಎಂದೆ ಗಾಬರಿಯಿಂದ.

"ಇಲ್ಲಪ್ಪ. ಇಷ್ಟು ವರ್ಷ ಎಲ್ಲಾ ಡಿಕಾಕ್ಷನ್ ಸೋಸೋ ಬಟ್ಟೆಯೊಳಗಿಂದ ನೋಡ್ದಂಗೆ ಕಾಣ್ತಿತ್ತು. ನೀಲಿ ಹೆಂಗಿರತ್ತೆ ಅಂತಾನೇ ಮರ್ತು ಹೋಗಿತ್ತು."

ಅವರು ನನ್ನನ್ನು "ಅಪ್ಪ" ಎಂದದ್ದು ಅದೇ ಮೊದಲು.

ಇಂಟರ್ವಲ್‌ನಲ್ಲಿ ನಾನು ಪಾಪ್‌ಕಾರ್ನ್ ತಂದೆ. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ಅತ್ತೆ ತಾವಾಗಿಯೇ ಮಾತು ತೆಗೆದರು. ಅವರು ಹೈಸ್ಕೂಲಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಎಲ್ಲಿಂದಲೋ ಟೆಲಿಸ್ಕೋಪ್ ತಂದು, ಶನಿಗ್ರಹದ ಉಂಗುರ ತೋರಿಸುತ್ತೇನೆಂದು ಎಲ್ಲರನ್ನೂ ಶಾಲೆಯ ತಾರಸಿಗೆ ಕರೆದಿದ್ದರಂತೆ. ಇವರು ಸಾಲಿನಲ್ಲಿ ನಿಂತಿದ್ದರು. ಮುಂದೆ ಮೂರೇ ಮೂರು ಹುಡುಗಿಯರು.

"ಅಷ್ಟರಲ್ಲಿ ನಮ್ಮಣ್ಣ ಬಂದ. ಕತ್ಲಾಯ್ತು, ನಡಿ ಮನೆಗೆ ಅಂತ ಕೈ ಹಿಡ್ಕೊಂಡು ಎಳ್ಕೊಂಡು ಹೋದ. ಕತ್ಲಾಗ್ದೆ ಗ್ರಹ ಹೆಂಗೆ ಕಾಣತ್ತೆ, ನೀವೇ ಹೇಳಿ?"

"ನಿಮ್ಮ ಮಗಳಿಗೆ ಇದನ್ನ ಹೇಳಿದೀರಾ?"

"ಯಾರಿಗೂ ಹೇಳಿಲ್ಲ. ಹೇಳೋ ಅಂಥದ್ದು ಏನಿದೆ ಅದ್ರಲ್ಲಿ?"

ನಾನು ಪಾಪ್‌ಕಾರ್ನ್ ಡಬ್ಬಿಯನ್ನು ಅವರ ಕಡೆ ಸರಿಸಿದೆ.

ಇಂಟರ್ವಲ್ ಆದ ಮೇಲೆ ನೌಕೆ ಆ ಗ್ರಹದ ಉಂಗುರದೊಳಗೇ ನುಗ್ಗಿತು. ದೂರದಿಂದ ಗೆರೆಯಂತೆ ಕಂಡದ್ದು ಹತ್ತಿರ ಬಂದಂತೆ ಲಕ್ಷಾಂತರ ಮಂಜುಗಡ್ಡೆಗಳಾಯಿತು. ಬಿಸಿಲಿಗೆ ಒಂದೊಂದೂ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತಾ ನಮ್ಮ ಮುಖದ ಪಕ್ಕದಲ್ಲೇ ಹಾದುಹೋದವು. ಸದ್ದೇ ಇರಲಿಲ್ಲ. ಅತ್ತೆ ಸೀಟಿನ ತುದಿಗೆ ಬಂದು ಕೂತಿದ್ದರು. ಮಡಿಲಿನಲ್ಲಿದ್ದ ಬಲಗೈ ನಿಧಾನವಾಗಿ ಮೇಲೆದ್ದು ಗಾಳಿಯಲ್ಲಿ ಒಂದು ತುಣುಕನ್ನು ಹಿಡಿಯಲು ಹೋಯಿತು. ನಾನು ಪರದೆ ಬಿಟ್ಟು ಅವರನ್ನೇ ನೋಡುತ್ತಾ ಕೂತೆ. ಆಮೇಲೆ ಸಿನಿಮಾದಲ್ಲಿ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿ, "ಹೆಂಗಿತ್ತಮ್ಮ, ಬೋರಾಯ್ತಾ?" ಎಂದಳು. ಅತ್ತೆ ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಹಾಯಿ, ಕಡಲು, ಉಂಗುರ, ಒಂದನ್ನೂ ಬಿಡಲಿಲ್ಲ. ಆದರೆ ನೌಕೆಯ ಕಂಪ್ಯೂಟರ್ ಅವರ ಕಥೆಯಲ್ಲಿ ಆ ಹುಡುಗಿಯ ಅಕ್ಕನಾಗಿಬಿಟ್ಟಿತ್ತು.

"ಪಾಪ, ಆ ಅಕ್ಕ ದಾರಿಯುದ್ದಕ್ಕೂ ಹೇಳ್ತಾನೇ ಇದ್ಲು. ಹುಷಾರು, ನಿದ್ದೆ ಮಾಡು, ಹೆದರ್ಕೋಬೇಡ ಅಂತ. ಆದ್ರೆ ಒಂದ್ಸಲಾನೂ ವಾಪಸ್ ಬಾ ಅನ್ಲಿಲ್ಲ ನೋಡು."

ಹೆಂಡತಿ ನನ್ನ ಕಡೆ ತಿರುಗಿದಳು. "ಹೌದೇನ್ರೀ? ಅವಳ ಅಕ್ಕಾನಾ?"

"ಹೌದು," ಎಂದೆ. "ಸ್ವಂತ ಅಕ್ಕ."